ತಕಿಟ ತಕಿಟ ತಕದಿಮಿ ತಕ ತಕದಿಮಿ

ಪ್ರೀತಿಯ ಭಟ್ಟ,

ಮೊದಲು ಬಾಯಲ್ಲಿ ಹೇಳಿಕೋ: ತಕಿಟ ತಕಿಟ ತಕದಿಮಿ ತಕ ತಕದಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಒಟ್ಟು 16. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ ಹಾಕು, ಉಳಿದದ್ದು ಮನಸ್ಸಲ್ಲೇ ಓಡಲಿ. ಹಾಕಿದೆಯಾ? ಕಳೆದ ತಿಂಗಳು ಅಕ್ಕನ ಮಗಳ ಮದುವೆಯ ಹಿಂದಿನ ರಾತ್ರಿ ಡಿಜೆ ಹಾಕಿದ ಎಷ್ಟೋ ಹಾಡುಗಳ ಹೊಟ್ಟೆಯೊಳಗೆ ಇದೇ ಇತ್ತು ಕಣೋ. ನಿನ್ನ ನೆನಪಾಗಿ ಮೊಣಕಾಲ ಮೇಲೆ ತಾಳ ಹಾಕಿಕೊಂಡು ಕೂತೆ. ಆಮೇಲೆ ಎದ್ದು ಕುಣಿದೆ.

ಈ ನಡೆ ಆಫ್ರಿಕಾದಿಂದ ಗುಲಾಮರ ಜೊತೆ ಹಡಗು ಹತ್ತಿ ಕ್ಯೂಬಾಗೆ ಹೋಯಿತು. ಅಲ್ಲಿ ಎರಡು ಮರದ ಕೋಲುಗಳಿಗೆ ಇಳಿದು ಕ್ಲಾವೆ ಅನ್ನಿಸಿಕೊಂಡಿತು. ಹೋದ ಶತಮಾನದಲ್ಲಿ ಕ್ಯೂಬಾದ ರೆಕಾರ್ಡುಗಳೊಳಗೆ ಕೂತು ಮತ್ತೆ ಕಾಂಗೋಗೆ ಬಂತು. ಅಲ್ಲಿಯವರು ಗುರುತು ಹಿಡಿದು, ಗಿಟಾರಿಗೆ ಹಾಕಿ, ತಮ್ಮದೇ ರುಂಬಾ ಕಟ್ಟಿದರು. ಈಗ ನೈಜೀರಿಯಾದ ಲೇಗೋಸಿನ ಹುಡುಗರು ಕಂಪ್ಯೂಟರಿನಲ್ಲಿ ಅದನ್ನೇ ನೇಯುತ್ತಾರೆ. ಅದೇ ದೇಶದ ಬೆನಿನ್ ಸಿಟಿಯ ರೇಮಾ ಹಾಡಿದ 'ಕಾಮ್ ಡೌನ್' 2023ರಲ್ಲಿ ಸ್ಪಾಟಿಫೈನಲ್ಲಿ 100 ಕೋಟಿ ಪ್ಲೇ ದಾಟಿತಲ್ಲ, ಆಫ್ರಿಕಾದ ಗಾಯಕನೊಬ್ಬ ಮುಖ್ಯ ಗಾಯಕನಾಗಿದ್ದ ಹಾಡು ಅಷ್ಟು ದೂರ ಹೋದದ್ದು ಅದೇ ಮೊದಲು. ನಮ್ಮ ಮದುವೆಮನೆಯಲ್ಲಿ ಅದಕ್ಕೆ ಕುಣಿಯದವರು ಅಡುಗೆ ಭಟ್ಟರು ಮಾತ್ರ.

ಹಾಸ್ಟೆಲಿನಲ್ಲಿ ನಾವಿಬ್ಬರೂ ಬಕೆಟ್ ಬಾರಿಸಿಕೊಂಡು 'ಮಾಮಾಕೊ ಮಾಮಾಸಾ' ಅಂತ ಕೂಗ್ತಿದ್ದೆವಲ್ಲ, ಮೈಕಲ್ ಜಾಕ್ಸನ್ನನದು ಅಂದುಕೊಂಡು. ಅದು ಕ್ಯಾಮರೂನಿನ ಮನು ದಿಬಾಂಗೊನದು. ಅವನು ಹಾಡಿದ್ದು 1972ರಲ್ಲಿ, ಜಾಕ್ಸನ್ ಎತ್ತಿಕೊಂಡದ್ದು ಹತ್ತು ವರ್ಷದ ಮೇಲೆ. ಕೇಳದೆ ಎತ್ತಿಕೊಂಡದ್ದಕ್ಕೆ ಜಗಳವಾಗಿ, ದುಡ್ಡು ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಹೆಸರು ಗೊತ್ತಾದ ದಿನ ನೀನು ಬಕೆಟ್ಟಿಗೆ ಕೈಮುಗಿದಿದ್ದೆ.

ಆದರೆ ನಮ್ಮ ದೇವರು ನೈಜೀರಿಯಾದ ಗಾಯಕ ಫೆಲಾ ಕುಟಿ. ಅವನ ಹಿಂದೆ ಡ್ರಮ್ಸಿಗೆ ಕೂತ ಟೋನಿ ಅಲೆನ್. 'ನಾಲ್ಕು ಕೈಕಾಲು, ನಾಲ್ಕು ಮಾತು, ಜಗಳ ಮಾತ್ರ ಇಲ್ಲ ಮಾರಾಯ' ಅಂದಿದ್ದೆ ನೀನು. ಅವನ ಬಗ್ಗೆ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಫೆಲಾ ಕಟ್ಟಿದ ಆಫ್ರೋಬೀಟ್ ಸಂಗೀತವೇ ಬೇರೆ, ಈಗಿನ ಲೇಗೋಸ್ ಹುಡುಗರ ಆಫ್ರೋಬೀಟ್ಸೇ ಬೇರೆ. ಹೊಸದು ತೆಳು ಅಂತ ಮೂಗು ಮುರಿಯುವವರ ಮಾತು ನಾನು ಒಪ್ಪಲ್ಲ. ಪೆಟ್ಟು ಬೀಳದ ಜಾಗವನ್ನು ಖಾಲಿ ಬಿಡುವುದು ಈ ಹುಡುಗರಿಗೆ ಚೆನ್ನಾಗಿ ಗೊತ್ತು. ಕಾಲು ಕುಣಿಯುವುದು ಆ ಖಾಲಿಯಲ್ಲೇ.

1977ರ ಫೆಬ್ರವರಿ 18. ಸೈನಿಕರನ್ನು ಹಾಡಿನಲ್ಲಿ ಹಂಗಿಸಿದ್ದಕ್ಕೆ ಸುಮಾರು ಸಾವಿರ ಸೈನಿಕರು ಫೆಲಾನ ಮನೆಗೆ ನುಗ್ಗಿದರು. ಮನೆ ಸುಟ್ಟರು. ಅವನ ತಾಯಿ ಫುನ್ಮಿಲಾಯೊ ಅವರನ್ನು ಮಹಡಿಯ ಕಿಟಕಿಯಿಂದ ಎಸೆದರು. ಆಕೆ ಮುಂದಿನ ವರ್ಷ ತೀರಿಕೊಂಡರು. ಇದನ್ನು ಓದಿದ ರಾತ್ರಿ ನಾವು ಮೆಸ್ಸಿಗೆ ಹೋಗಲಿಲ್ಲ, ನೆನಪಿದೆಯಾ? ಸುಟ್ಟ ಆ ಮನೆಗಾಗಿ ನಾನು ನಿಜವಾಗಿ ಅತ್ತಿದ್ದೆ.

ಮನೆಯ ವಿಷಯ ಬಂತು, ಹೇಳಿಬಿಡುತ್ತೇನೆ. ಫೋನಿನಲ್ಲಿ ಎರಡು ಸಲ ಹೇಳಲು ಹೋಗಿ ಮಳೆಯ ಸುದ್ದಿ ಮಾತಾಡಿದೆ.

ನಮ್ಮ ಮಹಡಿ ಮನೆ ಖಾಲಿಯಾಗಿತ್ತು. ಮದುವೆ ಕಳೆದ ಭಾನುವಾರ ಒಬ್ಬ ಹುಡುಗ ಕೇಳಿಕೊಂಡು ಬಂದ. ನೈಜೀರಿಯಾದವನು, ಎಂ.ಎಸ್ಸಿ. ಓದುತ್ತಿದ್ದಾನೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಬಾಡಿಗೆಗೂ ಒಪ್ಪಿದ, ಅಡ್ವಾನ್ಸಿಗೂ ಒಪ್ಪಿದ. ಗೋಡೆಯ ಮೇಲಿನ ಫೆಲಾನ ಪೋಸ್ಟರು ನೋಡಿದ, ಅದೇ, ನಿನ್ನ ಕಾಫಿ ಕಲೆ ಇರುವುದು. ತಾತನ ಫೋಟೋ ಯಾರದೋ ಮನೆಯಲ್ಲಿ ಕಂಡವನ ಹಾಗೆ ಮುಖ ಅರಳಿತು. ಟೀಪಾಯಿಯ ಮೇಲೆ ಎರಡು ಬೆರಳಲ್ಲಿ ಬಾರಿಸಿದ. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ನಾನು ಬಾಯಲ್ಲಿ ಜತಿ ಹೇಳಿದೆ. ಇಬ್ಬರೂ ನಕ್ಕೆವು. ಎಷ್ಟೋ ದಿನದ ಮೇಲೆ ಹಾಗೆ ನಕ್ಕಿದ್ದೆ.

'ಮನೆಯವರನ್ನ ಕೇಳಿ ಹೇಳ್ತೀನಿ' ಅಂದೆ. ಕೇಳಲಿಲ್ಲ. ಅವಳು ಬೇಡ ಅನ್ನುತ್ತಿರಲಿಲ್ಲ. ಎದುರುಮನೆಯವರು ಏನಂದಾರು ಅಂತ ನಾನೇ ಕಲ್ಪಿಸಿಕೊಂಡೆ, ಅವರು ಏನೂ ಅಂದಿರಲಿಲ್ಲ. ಸಂಜೆ 'ಬೇರೆಯವರಿಗೆ ಮಾತಾಗಿದೆ' ಅಂತ ಮೆಸೇಜು ಹಾಕಿದೆ. ಯಾರಿಗೂ ಮಾತಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಹಾಲು ತರುವಾಗ ನಮ್ಮ ಬೀದಿಯಲ್ಲೇ ಸಿಕ್ಕ, ಇನ್ನೊಂದು ಮನೆ ಹುಡುಕುತ್ತಾ. ನಮ್ಮ ಗೇಟಿನಲ್ಲಿ ಟು ಲೆಟ್ ಬೋರ್ಡು ಹಾಗೇ ತೂಗುತ್ತಿತ್ತು. ಅವನು ಬೋರ್ಡು ನೋಡಿದ, ನನ್ನನ್ನು ನೋಡಿದ. 'ನಮಸ್ಕಾರ ಸರ್' ಅಂದ, ಕನ್ನಡದಲ್ಲಿ.

2016ರಲ್ಲಿ ಇದೇ ಬೆಂಗಳೂರಿನಲ್ಲಿ, ತನಗೆ ಸಂಬಂಧವೇ ಇಲ್ಲದ ಒಂದು ಅಪಘಾತದ ಸಿಟ್ಟಿಗೆ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಕೈಮಾಡಿತಲ್ಲ, ಆಗ ನಿನಗೆ ನಾಲ್ಕು ಪುಟ ಬರೆದಿದ್ದೆ. ಕೈಮಾಡಿದವರನ್ನು 'ಆ ಜನ', 'ಆ ಜನ' ಅಂತ ಪುಟಕ್ಕೆರಡು ಸಲ. ಆ ಕಾಗದ ಇದ್ದರೆ ಹರಿದು ಹಾಕು. ಇಲ್ಲ, ಬೇಡ, ಇಟ್ಟಿರು.

ಯಲ್ಲಾಪುರದ ಕಡೆಯವನು ನೀನು. ನಿಮ್ಮೂರ ಕಡೆಯ ಆಫ್ರಿಕಾ ಮೂಲದ ಸಿದ್ದಿಗಳ ಡಮಾಮಿ ವಾದ್ಯ ಕೇಳಿಕೊಂಡೇ ಕೈ ತಿರುಗಿತು ಅನ್ನುತ್ತಿದ್ದೆ. ಅವರು ನಿಮ್ಮ ಜಗಲಿ ದಾಟಿ ಒಳಗೆ ಬರುತ್ತಿದ್ದರಾ ಭಟ್ಟ? ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇಲ್ಲ.

ಆ ಹುಡುಗನ ನಂಬರು ನನ್ನ ಫೋನಿನಲ್ಲಿದೆ. ನಿನ್ನೆ ರಾತ್ರಿ ಒಂದು ಸಾಲು ಟೈಪು ಮಾಡಿ, ಅಳಿಸಿ, ಮತ್ತೆ ಮಾಡಿ ಮಲಗಿದೆ.

ಸಾಕು. ಇಷ್ಟೆಲ್ಲ ಬರೆಯಬೇಕು ಅಂತ ಕೂತದ್ದಲ್ಲ, ತಾಳದ ಲೆಕ್ಕ ಹೇಳಿ ಮುಗಿಸುವುದಿತ್ತು. ನೀನು ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಜಾಡಿಯಲ್ಲೇ ತಾ, ಏಳನೇ ಇಡ್ಲಿಯ ಪಂದ್ಯ ಇನ್ನೂ ಬಾಕಿ ಇದೆ. ಮೃದಂಗವೂ ಇರಲಿ. ಮಹಡಿಯಲ್ಲೇ ಮಲಗುವೆಯಂತೆ. ಅಲ್ಲಿಯ ಫ್ಯಾನು ಒಂದೇ ಲಯದಲ್ಲಿ ಕಿರುಗುಟ್ಟುತ್ತದೆ, ಆದಿತಾಳಕ್ಕೆ ಕೂರುವುದಿಲ್ಲ. ಎಷ್ಟು ಅಕ್ಷರ ಅಂತ ನೀನೇ ಹೇಳಬೇಕು.

ನಿನ್ನ,
ಬಕೆಟ್ ವಿದ್ವಾನ್