ಮಕ್ಕಳಿಗೆ ಕಾರಣ ತಿಳಿಸಿ ಹೇಳಬಲ್ಲ ಶಿಕ್ಷಕರು ಬೇಕು

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಗಳ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಈಚೆಗೆ ಒಂದೇ ದೂರು ಪದೇ ಪದೇ ಕೇಳಿಬರುತ್ತಿದೆ. ಮಕ್ಕಳಿಗೆ ತಾಳ್ಮೆಯಿಲ್ಲ, ಹೇಳಿದ ಮಾತು ಕೇಳುವುದಿಲ್ಲ, ಜೊತೆಯವರಿಗೆ ನೆರವಾಗುವ ಬುದ್ಧಿಯಂತೂ ಇಲ್ಲವೇ ಇಲ್ಲ ಎಂಬುದು ಆ ದೂರು. ಅದಕ್ಕೆ ಸೂಚಿಸಲಾಗುವ ಮದ್ದೂ ಒಂದೇ: ಒಳ್ಳೆಯ ನಡತೆಗೆ ಗೋಡೆಯ ಚಾರ್ಟಿನಲ್ಲಿ ನಕ್ಷತ್ರ, ತಿಂಗಳ ಕೊನೆಗೆ ಬಹುಮಾನ, ತಪ್ಪು ಮಾಡಿದವನಿಗೆ ಜಗಲಿಯಲ್ಲಿ ನಿಲ್ಲುವ ಶಿಕ್ಷೆ. ಉದ್ದೇಶ ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಮದ್ದು ರೋಗಕ್ಕೆ ತಕ್ಕುದಲ್ಲ ಎಂದು ಹೇಳುವುದಕ್ಕಾಗಿ ಈ ಪತ್ರ.

ನೆರವಾಗುವ ಬುದ್ಧಿಯನ್ನು ನಾವು ಹೊರಗಿನಿಂದ ತಂದು ತುಂಬಬೇಕಾಗಿಲ್ಲ. ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಟ್ಟೆ ಒಣಹಾಕುತ್ತಿದ್ದ ಅಪರಿಚಿತ ವ್ಯಕ್ತಿಯ ಕೈಯಿಂದ ಕ್ಲಿಪ್ ಜಾರಿಬಿದ್ದಾಗ ಅದನ್ನು ಹೆಕ್ಕಿಕೊಡುವಂಥ ಕೆಲಸಗಳಿಗೆ 18 ತಿಂಗಳ ಮಕ್ಕಳು ತಾವಾಗಿಯೇ ಮುಂದಾದರು. 24 ಮಕ್ಕಳಲ್ಲಿ 22 ಮಂದಿ ಒಂದು ಸಲವಾದರೂ ನೆರವಾದರು. ಯಾರೂ ಬೇಡಿರಲಿಲ್ಲ, ಯಾರೂ ಹೊಗಳಿರಲಿಲ್ಲ. ಎರಡು ವರ್ಷಗಳ ಅನಂತರ ಇವರಿಬ್ಬರೇ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮ ಚಾರ್ಟುಗಳಿಗೆ ನೇರವಾಗಿ ಸಂಬಂಧಿಸಿದ್ದು: ನೆರವಾದಾಗಲೆಲ್ಲ ಆಟಿಕೆಯ ಬಹುಮಾನ ಪಡೆದಿದ್ದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಬಳಿಕ, ಏನನ್ನೂ ಪಡೆಯದಿದ್ದ ಮಕ್ಕಳಿಗಿಂತ ಕಡಿಮೆ ನೆರವಾದರು. ನಮ್ಮಲ್ಲಿ ಅಡಿಕೆ ಹೆಕ್ಕುವಾಗ ಅಜ್ಜಿಯ ಹಿಂದೆ ತಾನೂ ಒಂದು ಪುಟ್ಟ ಬುಟ್ಟಿ ಹಿಡಿದು ಹೋಗುವ ಮೂರು ವರ್ಷದ ಮಗುವನ್ನು ನೋಡಿದವರಿಗೆ ಇದನ್ನು ನಂಬಲು ಪ್ರಯೋಗಾಲಯವೂ ಬೇಕಾಗಿಲ್ಲ.

ತಾಳ್ಮೆಯ ವಿಷಯದಲ್ಲಿಯೂ ನಾವು ತಪ್ಪನ್ನು ಮಕ್ಕಳ ತಲೆಗೆ ಕಟ್ಟುತ್ತಿದ್ದೇವೆ. ಈಗ ಒಂದು ಸಿಹಿ ತಿನ್ನುವೆಯೋ, ಕಾದು ಎರಡು ಪಡೆಯುವೆಯೋ ಎಂಬ ಪ್ರಸಿದ್ಧ ಪರೀಕ್ಷೆಯನ್ನು ಅಮೆರಿಕದ ರಾಚೆಸ್ಟರಿನಲ್ಲಿ ಸ್ವಲ್ಪ ಬದಲಿಸಿ ನಡೆಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಮೊದಲು ಚಿತ್ರ ಬರೆಯಲು ಒಳ್ಳೆಯ ಬಣ್ಣ ತಂದುಕೊಡುತ್ತೇನೆಂದು ಹೇಳಿದ ದೊಡ್ಡವರು ಕೆಲವು ಮಕ್ಕಳಿಗೆ ಮಾತು ಉಳಿಸಿಕೊಂಡರು, ಉಳಿದವರಿಗೆ ಕೈಕೊಟ್ಟರು. ಬಳಿಕ ಸಿಹಿಯ ಮುಂದೆ ಕುಳಿತಾಗ ಮೊದಲ ಗುಂಪಿನವರು ಸರಾಸರಿ 12 ನಿಮಿಷ ಕಾದರೆ ಎರಡನೆಯ ಗುಂಪಿನವರು 3 ನಿಮಿಷ ಮಾತ್ರ ಕಾದರು. ಕುಂಬಳೆ ಜಾತ್ರೆಯ ಬೆಡಿ (ಸುಡುಮದ್ದು) ನೋಡಲು ಕರೆದೊಯ್ಯುತ್ತೇನೆಂದು ನಂಬಿಸಿ, ಸಂಜೆಯಾಗುತ್ತಲೇ ಉಣಿಸಿ ಮಲಗಿಸುವ ಮನೆಯಲ್ಲಿ ಮಗು ಯಾವ ನೆಚ್ಚಿಕೆಯಿಂದ ಕಾಯಬೇಕು?

ಇನ್ನು ಸರಿ-ತಪ್ಪುಗಳ ವಿವೇಚನೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಅರಿಯದೆ ಬಾಗಿಲು ತಳ್ಳಿ 15 ಕಪ್ಪು ಒಡೆದವನು ಹೆಚ್ಚು ತಪ್ಪಿತಸ್ಥನೋ, ಜಾಮ್ ಕದಿಯಲು ಹೋಗಿ ಒಂದು ಕಪ್ಪು ಒಡೆದವನೋ ಎಂದು ಕೇಳಿದಾಗ ಚಿಕ್ಕ ಮಕ್ಕಳು ಹೆಚ್ಚಾಗಿ ನಷ್ಟದ ಲೆಕ್ಕ ನೋಡಿಯೂ ದೊಡ್ಡ ಮಕ್ಕಳು ಉದ್ದೇಶ ನೋಡಿಯೂ ತೀರ್ಪು ಕೊಟ್ಟುದನ್ನು ದಾಖಲಿಸಿದರು. ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಿದರೆ ಮೂರು ವರ್ಷದವರೂ ಅದನ್ನು ಗಣಿಸಬಲ್ಲರೆಂದು ಅನಂತರದ ಸಂಶೋಧನೆಗಳು ತೋರಿಸಿವೆ. ಅಂದರೆ ಎಲ್ಲವೂ ತಿಳಿಸಿ ಹೇಳುವುದರ ಮೇಲೆ ನಿಂತಿದೆ. ನಿನ್ನಿಂದ ಇನ್ನೊಬ್ಬನಿಗೆ ಏನಾಯಿತು, ಅವನಿಗೆ ಹೇಗನ್ನಿಸಿತು ಎಂದು ವಿವರಿಸುವ ಹೆತ್ತವರ ಮಕ್ಕಳಲ್ಲಿ, ಬರಿಯ ಗದರಿಕೆಗೆ ಬೆಳೆದವರಿಗಿಂತ, ಪರರ ಬಗೆಗಿನ ಕಾಳಜಿ ಹೆಚ್ಚು ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಹಾಫ್‌ಮನ್ 1960ರ ದಶಕದಿಂದಲೂ ಪ್ರತಿಪಾದಿಸಿದ್ದರು.

ಕಾಸರಗೋಡಿನ ಮಟ್ಟಿಗೆ ಪ್ರಶ್ನೆ ಮೊನಚಾಗುವುದು ಇಲ್ಲಿಯೇ. ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸುವುದರ ವಿರುದ್ಧ ಇಲ್ಲಿ ಎಷ್ಟೋ ಹೋರಾಟಗಳು ನಡೆದಿವೆ. ಆದರೆ ವಾದವೆಲ್ಲ ಪಾಠ, ಪರೀಕ್ಷೆ, ಅಂಕಗಳ ಸುತ್ತಲೇ ಸುತ್ತಿದೆ. ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದನೇ ತರಗತಿಯ ಹುಡುಗನೊಬ್ಬ ಓಡಿಬಂದ ರಭಸಕ್ಕೆ ಇನ್ನೊಬ್ಬನ ತಟ್ಟೆ ಮಗುಚಿ, ಅನ್ನ ಸಾಂಬಾರು ನೆಲದ ಪಾಲಾದುದನ್ನು ಕಂಡಿದ್ದೇನೆ. ಹೊಸದಾಗಿ ಬಂದಿದ್ದ ಶಿಕ್ಷಕಿಗೆ ಕನ್ನಡ ಬಾರದು, ಹುಡುಗನಿಗೆ ಮನೆಯ ತುಳು ಮತ್ತು ಶಾಲೆಯ ಕನ್ನಡ ಬಿಟ್ಟರೆ ಬೇರೆ ತಿಳಿಯದು. ಅವರು ಬೆರಳು ತೋರಿಸಿದರು, ಅವನು ಜಗಲಿಗೆ ಹೋಗಿ ನಿಂತ. ಶಿಕ್ಷಕಿ ಕೆಟ್ಟವರೇನೂ ಅಲ್ಲ, ಅವರಿಗೆ ಉಳಿದಿದ್ದ ದಾರಿ ಅದೊಂದೇ. ಕೊನೆಗೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಅವನ ಬಳಿ ಹೋಗಿ, "ಅವನಿಗೆ ಈಗ ಹಸಿವಾಗುವುದಿಲ್ಲವಾ, ಬಾ, ಬೇರೆ ತಟ್ಟೆ ತಂದು ಕೊಡುವ" ಎಂದಳು. ಇಬ್ಬರೂ ಅಡುಗೆಕೋಣೆಗೆ ಹೋಗಿ ಅನ್ನ ಹಾಕಿಸಿಕೊಂಡು ಬಂದರು. ಶಿಕ್ಷಕರು ಮಾಡಬೇಕಾದ ಕೆಲಸವನ್ನು ಒಂಬತ್ತು ವರ್ಷದ ಹುಡುಗಿ ಮಾಡಬೇಕಾಯಿತು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದ್ದರಿಂದ ಒಂದರಿಂದ ನಾಲ್ಕರವರೆಗಿನ ಕನ್ನಡ ತರಗತಿಗಳಿಗಾದರೂ ಕನ್ನಡದಲ್ಲಿ ಮಕ್ಕಳೊಡನೆ ಸರಾಗವಾಗಿ ಮಾತನಾಡಬಲ್ಲವರನ್ನೇ ನೇಮಿಸಬೇಕೆಂದೂ, ಮುಂದಿನ ಜೂನ್ ತಿಂಗಳ ಪ್ರವೇಶೋತ್ಸವಕ್ಕೆ ಮುನ್ನವೇ ಖಾಲಿ ಹುದ್ದೆಗಳನ್ನು ಭರ್ತಿ ಮಾಡಬೇಕೆಂದೂ ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ. ರಕ್ಷಕ-ಶಿಕ್ಷಕ ಸಂಘಗಳು ಬಹುಮಾನಕ್ಕೆಂದು ಸಂಗ್ರಹಿಸುವ ಹಣವನ್ನು ಸದ್ಯ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟು, ಅಲ್ಲಿಯವರೆಗೆ ಊಟದ ಹೊತ್ತಿನಲ್ಲಿ ಕನ್ನಡ ಬಲ್ಲ ಹೆತ್ತವರೊಬ್ಬರು ಸರದಿಯಂತೆ ಶಾಲೆಯಲ್ಲಿರುವ ಏರ್ಪಾಡು ಮಾಡಬಹುದು.

ಇಂತು,
ಓರ್ವ ರಕ್ಷಕ, ಬದಿಯಡ್ಕ