ವೇಗ ಹೆಚ್ಚಿದಾಗ ದೂರ ಕಮ್ಮಿ ತೋರಿಸುವ ರ‍್ಯಾಲಿ ಟ್ರಿಪ್ ಮೀಟರ್ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದವರಿಗೆ ನಮಸ್ಕಾರ,

ರ‍್ಯಾಲಿಯಲ್ಲಿ ಕಾರು ಓಡಿದ ದೂರ ತೋರಿಸುವ ನಿಮ್ಮ ಟ್ರಿಪ್ ಮೀಟರ್ ಬಗ್ಗೆ ನಾನು ಎಷ್ಟು ಸಲ ಬರೆದರೂ ನಿಮ್ಮಿಂದ ಬರುವುದು ಒಂದೇ ಉತ್ತರ: ಟೈರಿನ ಗಾಳಿ ನೋಡಿ, ಮತ್ತೆ ಕ್ಯಾಲಿಬ್ರೇಟ್ ಮಾಡಿ, ಅಂದರೆ ಅಳೆದ ದಾರಿಗೆ ಹೊಂದುವಂತೆ ಮೀಟರಿನ ಲೆಕ್ಕ ತಿದ್ದಿ. ಎರಡೂ ಮಾಡಿದ್ದೇನೆ. ಕ್ಯಾಲಿಬ್ರೇಟ್ ಮಾಡಿದರೆ ಹೋಗುವ ತಪ್ಪಲ್ಲ ಇದು. ಅದಕ್ಕೇ ಈ ಸಲ ಅಳತೆ ಸಮೇತ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಟಿಎಸ್‌ಡಿ ರ‍್ಯಾಲಿಯ (ಕೊಟ್ಟ ಸರಾಸರಿ ವೇಗದಲ್ಲಿ ಹೋಗಿ ಸರಿಯಾದ ಸಮಯಕ್ಕೆ ಮುಟ್ಟಬೇಕಾದ ರ‍್ಯಾಲಿ) ಆಯೋಜಕರು ಅಳೆದು ಕೊಟ್ಟ 10 ಕಿ.ಮೀ. ಓಡೋ ಚೆಕ್ ದಾರಿಯಲ್ಲೇ, ಅಂದರೆ ಮೀಟರ್ ಸರಿಯಿದೆಯೇ ಎಂದು ನೋಡುವ ದಾರಿಯಲ್ಲೇ, ಪರೀಕ್ಷೆ ಮಾಡಿದೆವು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದಾಗ ಮೀಟರ್ 10.00 ತೋರಿಸಿತು. ತುಂಬಾ ಸರಿ. ಅದೇ ದಾರಿಯಲ್ಲಿ, ಅದೇ ಕಾರಿನಲ್ಲಿ 70ರಲ್ಲಿ ಹೋದರೆ 9.84. ಅಂದರೆ 160 ಮೀಟರ್ ಎಲ್ಲೋ ಕಾಣೆ. ಕೂಡಲೇ ವಾಪಸ್ ಬಂದು, ಟೈರ್ ಇನ್ನೂ ಬಿಸಿಯಿರುವಾಗಲೇ ಮತ್ತೆ 30ರಲ್ಲಿ ಓಡಿಸಿದರೆ ಮತ್ತೆ 10.00 ಬಂತು.

ಈ ಕೊನೆಯ ಓಟವನ್ನು ನೀವು ಗಮನಿಸಬೇಕು. ಟೈರ್ ಬಿಸಿಯಾದರೆ ಒಳಗಿನ ಒತ್ತಡ ಏರುತ್ತದೆ, ಚಕ್ರದ ಸುತ್ತಳತೆ ಒಂಚೂರು ಹೆಚ್ಚುತ್ತದೆ, ಅದರಿಂದ ಮೀಟರ್ ಸ್ವಲ್ಪ ಕಮ್ಮಿ ತೋರಿಸುತ್ತದೆ ಅನ್ನೋದು ನನಗೂ ಗೊತ್ತು. ಆದರೆ ತಪ್ಪು ಟೈರಿನದ್ದಾಗಿದ್ದರೆ ಅದೇ ಬಿಸಿ ಟೈರಿನಲ್ಲಿ ನಿಧಾನಕ್ಕೆ ಹೋದಾಗಲೂ ಕಮ್ಮಿ ಬರಬೇಕಿತ್ತು ಅಲ್ವಾ? ಬರಲಿಲ್ಲ. ಚಕ್ರ ಜಾರಿದ್ದೂ ಕಾರಣವಲ್ಲ. ನಮ್ಮದು ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಕಾರು, ಚಕ್ರ ತಿರುಗುವುದನ್ನು ಓದಿ ಮೀಟರಿಗೆ ತಿಳಿಸುವ ಸೆನ್ಸರ್ ಇರುವುದು ಹಿಂದಿನ ಚಕ್ರದಲ್ಲಿ. ಚಕ್ರ ಸುಮ್ನೆ ತಿರುಗಿದರೆ ದೂರ ಜಾಸ್ತಿ ಬರುತ್ತದೆಯೇ ಹೊರತು ಕಮ್ಮಿ ಬರುವುದಿಲ್ಲ. ಬ್ರೇಕ್ ಹಿಡಿದು ಚಕ್ರ ಲಾಕ್ ಆದರೆ ಕಮ್ಮಿಯಾಗಬಹುದು, ಆದರೆ ನಾವು ಓಡಿಸಿದ್ದು ನೇರ ರಸ್ತೆಯಲ್ಲಿ, ಒಂದೇ ವೇಗದಲ್ಲಿ.

ಹಾಗಾದರೆ ಉಳಿಯುವುದು ಒಂದೇ, ವೇಗ ಹೆಚ್ಚಿದಾಗ ನಿಮ್ಮ ಉಪಕರಣ ಕೆಲವು ಪಲ್ಸ್‌ಗಳನ್ನು (ಚಕ್ರದ ಬೋಲ್ಟ್ ಸೆನ್ಸರ್ ಮುಂದೆ ಹಾದಾಗಲೆಲ್ಲ ಬರುವ ಸಿಗ್ನಲ್) ಎಣಿಸದೆ ಬಿಡುತ್ತಿದೆ. ಚಕ್ರದ ಸುತ್ತಳತೆ ಸುಮಾರು 2 ಮೀಟರ್, ಸೆನ್ಸರ್ ಓದುವುದು 4 ಬೋಲ್ಟ್. 70ರ ವೇಗದಲ್ಲಿ ಸೆಕೆಂಡಿಗೆ 40ರ ಹತ್ತಿರ ಪಲ್ಸ್ ಬರುತ್ತದೆ. ರ‍್ಯಾಲಿಗೆಂದೇ ಮಾಡಿದ ಯಂತ್ರಕ್ಕೆ ಇಷ್ಟು ಎಣಿಸುವುದು ದೊಡ್ಡ ಕೆಲಸವೇ? ಸೆನ್ಸರ್ ಕೆಟ್ಟಿದೆಯೋ, ಕೇಬಲ್‌ನಲ್ಲಿ ತೊಂದರೆಯಿದೆಯೋ, ಅಥವಾ ಗದ್ದಲದ ಸಿಗ್ನಲ್ ತಡೆಯಲು ನಿಮ್ಮ ಸಾಫ್ಟ್‌ವೇರ್‌ನಲ್ಲಿ ಹಾಕಿರುವ ಫಿಲ್ಟರ್ ನಿಜವಾದ ಪಲ್ಸ್‌ಗಳನ್ನೂ ನುಂಗುತ್ತಿದೆಯೋ, ಅದನ್ನು ಹುಡುಕಬೇಕಾದವರು ನೀವು.

ಕ್ಯಾಲಿಬ್ರೇಷನ್ ಅಂದರೆ ನಿಜವಾದ ದೂರವನ್ನು ಮೀಟರ್ ತೋರಿಸಿದ ದೂರದಿಂದ ಭಾಗಿಸಿ, ಬಂದ ಅನುಪಾತದಷ್ಟು ಲೆಕ್ಕ ತಿದ್ದುವುದು, ಅಷ್ಟೇ. ತಪ್ಪು ಎಲ್ಲ ವೇಗದಲ್ಲೂ ಒಂದೇ ಅನುಪಾತದಲ್ಲಿದ್ದರೆ ಮಾತ್ರ ಅದು ಸರಿಹೋಗುತ್ತದೆ. ನೀವು ಹೇಳಿದಂತೆ 70ರ ಓಟಕ್ಕೆ ತಿದ್ದಿದರೆ 30ರಲ್ಲಿ 10.16 ಬರುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ.

ನಿಮ್ಮ ಸರ್ವಿಸ್‌ನವರು ಮಾಡಿದ ಪರೀಕ್ಷೆಯ ಬಗ್ಗೆಯೂ ಹೇಳಲೇಬೇಕು. ಬರೀ 1 ಕಿ.ಮೀ. ಓಡಿಸಿ ಮೀಟರ್ ಸರಿಯಿದೆ ಅಂತ ಬರೆದುಕೊಟ್ಟರು. ಪರದೆ ತೋರಿಸುವುದೇ 10 ಮೀಟರ್ ಲೆಕ್ಕದಲ್ಲಿ. 1 ಕಿ.ಮೀ.ಗೆ 10 ಮೀಟರ್ ಅಂದರೆ ಶೇಕಡಾ 1, ಅಷ್ಟರೊಳಗಿನ ತಪ್ಪು ಆ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. 10 ಕಿ.ಮೀ. ಓಡಿಸಿದರೆ ಅದೇ 10 ಮೀಟರ್ ಶೇಕಡಾ 0.1ಕ್ಕೆ ಇಳಿಯುತ್ತದೆ. ಅದೂ ಬಿಡಿ, ಅವರು ಓಡಿಸಿದ್ದು ನಿಧಾನಕ್ಕೆ. ನಾನು ದೂರು ಕೊಟ್ಟಿದ್ದು ವೇಗದ ಬಗ್ಗೆ! ನಿಮ್ಮ ಕೈಪಿಡಿಯಲ್ಲೂ 1 ಕಿ.ಮೀ. ಸಾಕು ಅಂತಲೇ ಇದೆ, ಅದನ್ನು ತಿದ್ದಿ. ಹೊಸದಾಗಿ ರ‍್ಯಾಲಿಗೆ ಬರುವವರು ಅದನ್ನೇ ನಂಬುತ್ತಾರೆ.

160 ಮೀಟರ್ ಏನು ಮಹಾ ಅಂತ ನಿಮಗೆ ಅನಿಸಬಹುದು. ಗಂಟೆಗೆ 48 ಕಿ.ಮೀ. ಸರಾಸರಿ ವೇಗ ಕೊಟ್ಟ ಭಾಗದಲ್ಲಿ ಅದು ಸರಿಯಾಗಿ 12 ಸೆಕೆಂಡ್. ಮೀಟರ್ ಕಮ್ಮಿ ತೋರಿಸಿದ್ದಕ್ಕೆ, ಪಕ್ಕದಲ್ಲಿ ಕೂತು ದಾರಿ, ಸಮಯದ ಲೆಕ್ಕ ನೋಡುವ ನ್ಯಾವಿಗೇಟರ್ ನಾವು ಹಿಂದೆ ಬಿದ್ದಿದ್ದೇವೆ ಅಂತ ತಿಳಿದು ವೇಗ ಹೆಚ್ಚಿಸಲು ಹೇಳುತ್ತಾರೆ, ಡ್ರೈವರ್ ಹೆಚ್ಚಿಸುತ್ತಾರೆ, ಕೊನೆಗೆ ಸಮಯ ನೋಡುವ ಜಾಗವಾದ ಕಂಟ್ರೋಲ್‌ಗೆ ಬೇಗ ಮುಟ್ಟಿ ದಂಡದ ಅಂಕ ಬೀಳುತ್ತದೆ. ಇಬ್ಬರೂ ತಮ್ಮ ಕೆಲಸ ಸರಿಯಾಗಿ ಮಾಡಿರುತ್ತಾರೆ. ರೋಡ್ ಬುಕ್ಕಿನಲ್ಲಿ, ಅಂದರೆ ಯಾವ ದೂರದಲ್ಲಿ ಎಲ್ಲಿ ತಿರುಗಬೇಕು ಎಂದು ಬರೆದ ಪುಸ್ತಕದಲ್ಲಿ, ಇರುವ ತಿರುವಿಗೆ ಬಂದರೂ ಮೀಟರಿನಲ್ಲಿ ಆ ದೂರ ಇನ್ನೂ ಬಂದಿರುವುದಿಲ್ಲ, ಹಾಗಾಗಿ ದಾರಿಯೂ ತಪ್ಪುತ್ತದೆ. ಇದರಿಂದ ನನ್ನ ನ್ಯಾವಿಗೇಟರ್ ತನ್ನ ಲೆಕ್ಕದ ಮೇಲೆಯೇ ನಂಬಿಕೆ ಕಳೆದುಕೊಳ್ಳುತ್ತಿದ್ದಾರೆ, ನನಗೆ ಎಲ್ಲಕ್ಕಿಂತ ಬೇಜಾರಾಗಿರುವುದು ಅದಕ್ಕೆ.

ಈಗ ನನಗೆ ಬೇಕಿರುವುದು ಇಷ್ಟು. ಸೆನ್ಸರ್, ಕೇಬಲ್, ಮೀಟರ್ ಮೂರನ್ನೂ ಬದಲಿಸಿ ಕೊಡಿ, ಆಮೇಲೆ ನನ್ನ ಎದುರಿಗೇ 10 ಕಿ.ಮೀ. ದಾರಿಯಲ್ಲಿ ನಿಧಾನವಾಗಿ ಒಮ್ಮೆ, ವೇಗವಾಗಿ ಒಮ್ಮೆ ಓಡಿಸಿ ಎರಡೂ ಅಳತೆ ಬರೆದುಕೊಡಿ. ಕಾರು ನಾನೇ ತರುತ್ತೇನೆ. ಆಗಲೂ ಎರಡು ಅಳತೆ ಹೊಂದದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ. ಮತ್ತೆ ಕ್ಯಾಲಿಬ್ರೇಟ್ ಮಾಡಿ ಅನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಒಂದು ವಾರದೊಳಗೆ ಪರೀಕ್ಷೆಯ ದಿನ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ