ಎಚ್ಚರವಿದ್ದ ಅಜ್ಜಿಗೆ

ಕಳೆದ ಭಾನುವಾರ ನನ್ನ ಯಜಮಾನರು ಯಾರ ಕೈಯನ್ನೂ ಹಿಡಿಯದೆ ನಮ್ಮ ದೇವಾಲಯದ ಮೆಟ್ಟಿಲು ಹತ್ತಿ, ಗಾಯನವೃಂದದ ಪಕ್ಕದ ತಮ್ಮ ಹಳೆಯ ಜಾಗದಲ್ಲಿ ಹಾರ್ಮೋನಿಯಂ ಮುಂದೆ ಕುಳಿತರು. ಅವರಿಗೆ ಏನಾಗಿತ್ತು ಎಂಬುದು ದಾವಣಗೆರೆಯ ನಮ್ಮ ಕ್ರೈಸ್ತ ಸಭೆಯವರಿಗೆಲ್ಲ ತಿಳಿದಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಆರಾಧನೆಯ ಕೊನೆಯಲ್ಲಿ ಸಾಕ್ಷಿ ಹೇಳಲು ಎದ್ದು ನಿಂತ ನನಗೆ ಎರಡು ವಾಕ್ಯಕ್ಕಿಂತ ಹೆಚ್ಚು ಆಡಲಾಗಲಿಲ್ಲ; ಅಂದು ಗಂಟಲಲ್ಲೇ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಭಾಪಾಲಕರಾದ ಅಯ್ಯನವರು ದಿನವೂ ಆಸ್ಪತ್ರೆಗೆ ಬಂದು ಪ್ರಾರ್ಥಿಸಿದರು. ಸ್ತ್ರೀಯರ ಕೂಟದವರು ಸರದಿಯಂತೆ ಮಕ್ಕಳಿಗೆ ಊಟ ತಲುಪಿಸಿದರು. ಪಿಯುಸಿ ಓದುವ ಹುಡುಗನೊಬ್ಬ ಹನ್ನೊಂದು ಭಾನುವಾರ ಹಾರ್ಮೋನಿಯಂ ನುಡಿಸಿದ. ಸಂಡೇ ಸ್ಕೂಲಿನ ನನ್ನ ತರಗತಿಯನ್ನು ಇಬ್ಬರು ತಂಗಿಯರು ಹಂಚಿಕೊಂಡರು. ಔಷಧದಂಗಡಿಯ ಬಾಕಿ ತೀರುವಷ್ಟು ಹಣವಿದ್ದ, ಹೆಸರು ಬರೆಯದ ಲಕೋಟೆಯೊಂದು ನಮ್ಮ ಬಾಗಿಲ ಸಂದಿಯಿಂದ ಒಳಬಂದಿತ್ತು. ಇವರೆಲ್ಲರಿಗೂ, ಕಣ್ಣಿಗೆ ನಿದ್ದೆಯಿಲ್ಲದೆ ದುಡಿದ ವೈದ್ಯರಿಗೂ ದಾದಿಯರಿಗೂ ನಾವು ಋಣಿಗಳು.

ಈ ಬರಹದ ಉಳಿದ ಭಾಗವೆಲ್ಲ ಒಬ್ಬ ಅಜ್ಜಿಗೆ ಸಲ್ಲಬೇಕು. ನಮ್ಮ ಸಂಡೇ ಸ್ಕೂಲಿನ ಮಕ್ಕಳು ಅವರನ್ನು ಭಟ್ಟಿ ಅಜ್ಜಿ ಎಂದು ಕರೆಯುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಊರು ಮಲಗಿರುವಾಗಲೇ ಎದ್ದು ಹೋಗಿ, ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಬೆಂಕಿಯ ಮುಂದೆ ನಿಂತವರು. ಅವರಿಗೆ ಓದು ಬಾರದು. ಆರಾಧನೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಕೀರ್ತನೆಯ ಪಲ್ಲವಿಯನ್ನಷ್ಟೇ ಎಲ್ಲರೊಡನೆ ಹಾಡಿ, ಸದ್ದಿಲ್ಲದೆ ಮನೆಗೆ ಹೋಗುತ್ತಿದ್ದರು.

ಕಳೆದ ವರ್ಷ ನಮ್ಮ ಸಭೆಯಲ್ಲಿ ಆರು ವಾರ ಆತ್ಮಿಕ ವರಗಳ, ಅಂದರೆ ಸೇವೆಗಾಗಿ ಪವಿತ್ರಾತ್ಮನು ವಿಶ್ವಾಸಿಗಳಿಗೆ ಕೊಡುವ ಸಾಮರ್ಥ್ಯಗಳ ಕುರಿತು ಅಧ್ಯಯನ ನಡೆಯಿತು. ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯವನ್ನು ಬಿಡಿಸಿ ಹೇಳಿದವಳು ನಾನು. ಪ್ರತಿಯೊಬ್ಬರಿಗೂ ವರ ಕೊಡಲ್ಪಡುವುದು ಎಲ್ಲರ ಪ್ರಯೋಜನಕ್ಕಾಗಿ ಎಂಬ 7ನೆಯ ವಚನವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳೂ ನಾನೇ. ಕೊನೆಯ ವಾರ ಯಾರಿಗೆ ಯಾವ ವರವಿದೆ, ಅವರು ಯಾವ ಸೇವೆಗೆ ಸೇರಬಹುದು ಎಂದು ಒಂದು ಪುಸ್ತಕದಲ್ಲಿ ಬರೆದುಕೊಂಡೆವು. ಬೋಧಿಸುವವರು, ಹಾಡುವವರು, ಸುವಾರ್ತೆ ಸಾರುವವರು, ಲೆಕ್ಕಪತ್ರ ನೋಡುವವರು, ಹೀಗೆ ಸಾಲುಗಳು ತುಂಬುತ್ತ ಹೋದವು. ಅಜ್ಜಿಯ ಹೆಸರಿನ ಮುಂದೆ ನಾನು ಒಂದು ಗೆರೆ ಎಳೆದೆ. ಅವರನ್ನು ಒಂದು ಮಾತು ಕೇಳಲೂ ಇಲ್ಲ. ಆ ಗೆರೆ ನನ್ನ ಕೈಬರಹದಲ್ಲೇ ಇಂದಿಗೂ ಇದೆ.

ಯಜಮಾನರು ಆಸ್ಪತ್ರೆಯಲ್ಲಿದ್ದ ಆ ಒಂದು ರಾತ್ರಿ, ಬೆಳಗಿನವರೆಗೆ ಕಾದು ನೋಡೋಣ ಎಂದಷ್ಟೇ ವೈದ್ಯರು ಹೇಳಿದ್ದರು. ಸಂಜೆ ಬಂದವರೊಬ್ಬರು, ನಿನ್ನ ವಿಶ್ವಾಸ ಸಾಲದು, ಸಾಕಷ್ಟಿದ್ದರೆ ಇಷ್ಟು ಹೊತ್ತಿಗೆ ಎದ್ದು ಕೂರುತ್ತಿದ್ದರು ಎಂದು ಹೇಳಿ ಹೋದರು. ಅವರ ಮೇಲೆ ನನಗೀಗ ಸಿಟ್ಟಿಲ್ಲ. ಆದರೆ ಅಂದು ಆ ಮಾತು ನನ್ನೊಳಗಿದ್ದ ಕೊನೆಯ ಪ್ರಾರ್ಥನೆಯನ್ನೂ ನಂದಿಸಿತು. ಪ್ರಾರ್ಥನೆ ಮಾಡುವುದನ್ನು ಹತ್ತೊಂಬತ್ತು ವರ್ಷ ಮಕ್ಕಳಿಗೆ ಕಲಿಸಿದ ನನ್ನ ಬಾಯಿಂದ ಕರ್ತನೇ ಎಂಬ ಒಂದು ಪದವೂ ಹೊರಡಲಿಲ್ಲ. ದೇವರ ಮೇಲೆ ನನಗೆ ಕೋಪವಿತ್ತು. ಇದನ್ನು ಬರೆಯಬಾರದು ಎಂದು ಮನೆಯವರು ಹೇಳಿದರು. ಬರೆಯದಿದ್ದರೆ ಅಜ್ಜಿ ಮಾಡಿದ್ದು ಏನೆಂದು ನಿಮಗೆ ತಿಳಿಯುವುದಿಲ್ಲ.

ಒಂಬತ್ತು ಗಂಟೆಯ ಮೇಲೆ ಅಜ್ಜಿ ಒಂದು ಚಾಪೆ, ಒಂದು ಫ್ಲಾಸ್ಕ್, ಒಂದು ಚೀಲ ಮಂಡಕ್ಕಿ ಹಿಡಿದುಕೊಂಡು ಬಂದರು. ಬೈಬಲ್ ವಚನ ಹೇಳಲಿಲ್ಲ, ಕೈಯಿಟ್ಟು ಪ್ರಾರ್ಥಿಸಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ಜಗಳೂರು, ಹರಪನಹಳ್ಳಿ ಕಡೆಯಿಂದ ಬಂದು ಅದೇ ಮೊಗಸಾಲೆಯಲ್ಲಿ ಕುಳಿತಿದ್ದ ಅಪರಿಚಿತರಿಗೂ ಮಂಡಕ್ಕಿ ಹಂಚಿ, ನನಗೆ ಒಂದು ಲೋಟ ಗಂಜಿ ಕುಡಿಸಿ, ಬಾಗಿಲಿಗೆ ಎದುರಾಗಿ ಗೋಡೆಗೆ ಒರಗಿ ಕುಳಿತರು. ಆಮೇಲೆ, "ನೀವ್ ಒಂದೀಟು ಮಲಗ್ರಿ ಟೀಚರಮ್ಮ, ನಾ ಎಚ್ಚರ ಇರ್ತೀನಿ. ನಂಗೆ ರಾತ್ರಿ ಹೊಸದಲ್ಲ" ಎಂದರು.

ನಾನು ಮಲಗಿದೆ. ಐದು ದಿನಗಳಲ್ಲಿ ಮೊದಲ ಸಲ, ಎರಡು ಗಂಟೆ ಪೂರ್ತಿ ನಿದ್ದೆ ಮಾಡಿದೆ. ನಡುವೆ ಒಮ್ಮೆ ಕಣ್ಣು ತೆರೆದಾಗ ಹೊಗೆಗೆ ಕೆಂಪಾಗಿ ಹೋದ ಅವರ ಕಣ್ಣುಗಳು ಆ ಬಾಗಿಲ ಮೇಲೆಯೇ ಇದ್ದವು. ಕಾಯುವಾತನು ತೂಕಡಿಸುವುದಿಲ್ಲ ಎಂದು ದೇವರ ಕುರಿತು ಹೇಳುವ, ಬೈಬಲಿನ 121ನೆಯ ಕೀರ್ತನೆಯ ಮಾತನ್ನು ನಾನು ಎಷ್ಟೋ ಸಲ ಓದಿ ಹೇಳಿದ್ದೆ. ಅದು ಹೇಗಿರುತ್ತದೆ ಎಂಬುದನ್ನು ಅಂದು ನೋಡಿದೆ. ನಸುಕಿನಲ್ಲಿ ದಾದಿ ಹೊರಬಂದು ಹೆಸರು ಕರೆದಾಗ ಭುಜ ಅಲುಗಿಸಿ ಎಬ್ಬಿಸಿದವರೂ, ನನ್ನ ಕಾಲಿಗೆ ಚಪ್ಪಲಿ ಸಿಗಿಸಿದವರೂ ಅವರೇ.

ಮನೆಗೆ ಬಂದ ಮೇಲೆ ಕೊರಿಂಥದವರಿಗೆ ಬರೆದ ಪತ್ರಿಕೆಯ ಅದೇ 12ನೆಯ ಅಧ್ಯಾಯವನ್ನು ಮತ್ತೆ ತೆರೆದೆ. 28ನೆಯ ವಚನದಲ್ಲಿ ಅಪೊಸ್ತಲರು, ಪ್ರವಾದಿಗಳು, ಬೋಧಕರು ಬರುತ್ತಾರೆ. ಅನಂತರ ಮಹತ್ಕಾರ್ಯಗಳು, ರೋಗ ವಾಸಿಮಾಡುವ ವರಗಳು. ಅವುಗಳ ಬೆನ್ನಿಗೇ ಸಹಾಯ ಮಾಡುವ ವರ. ಮೂಲ ಗ್ರೀಕ್‌ನಲ್ಲಿ ಪೌಲನು ಅಲ್ಲಿ ಬಳಸಿದ ಪದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲಿಯೂ ಬರುವುದಿಲ್ಲ. ಆರು ವಾರದ ಅಧ್ಯಯನದಲ್ಲಿ ನಾನು ಅದನ್ನು ಒಂದೇ ಉಸಿರಿನಲ್ಲಿ ಓದಿ ಮುಂದಕ್ಕೆ ಹೋಗಿದ್ದೆ. ಬಲಹೀನವಾಗಿ ಕಾಣುವ ಅಂಗಗಳೇ ದೇಹಕ್ಕೆ ಅಗತ್ಯ ಎಂಬ 22ನೆಯ ವಚನಕ್ಕೆ ಮಾತ್ರ ಚಂದದ ಉದಾಹರಣೆಗಳನ್ನು ಕೊಟ್ಟಿದ್ದೆ.

ಅಜ್ಜಿಯ ಬಳಿಗೆ ಹೋಗಿ ಕ್ಷಮೆ ಕೇಳಿದೆ. ಪುಸ್ತಕದಲ್ಲಿ ಗೆರೆ ಎಳೆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೂ ಅದನ್ನು ಬಿಟ್ಟು, ಯಜಮಾನರು ಊಟ ಸರಿಯಾಗಿ ಮಾಡುತ್ತಾರಾ ಎಂದು ವಿಚಾರಿಸಿದರು. ನಾನು ಕೇಳಿಕೊಂಡದ್ದು ಒಂದೇ: ಆಸ್ಪತ್ರೆಯಲ್ಲಿ ರಾತ್ರಿ ಕೂರುವುದನ್ನು ನಮಗೂ ಕಲಿಸಿಕೊಡಿ ಎಂದು. ಅವರು ಒಪ್ಪಿದರು. ಈಗ ನಮ್ಮ ಸಭೆಯಲ್ಲಿ ನಾಲ್ವರು ಅವರ ಮಾತಿನಂತೆ ಸರದಿಯ ಮೇಲೆ ಹೋಗುತ್ತೇವೆ. ಚಾಪೆ ಒಯ್ಯಬೇಕು, ಬಿಸಿ ಏನಾದರೂ ಇರಬೇಕು, ಕೇಳದೆ ಮಾತಾಡಬಾರದು, ಪಕ್ಕದ ರೋಗಿಯ ಮನೆಯವರಿಗೂ ಕೊಟ್ಟು ತಿನ್ನಬೇಕು ಎಂಬುದು ಅವರು ಹೇಳಿಕೊಟ್ಟದ್ದು.

ಈ ಬರಹವನ್ನು ಅವರು ಓದಲಾರರು. ಗುರುವಾರ ರಾತ್ರಿ ನಮ್ಮಿಬ್ಬರದೂ ಸರದಿಯಿದೆ. ಅಲ್ಲಿ, ರೋಗಿಯ ಮನೆಯವರು ಮಲಗಿದ ಮೇಲೆ, ಮೆಲ್ಲನೆ ಓದಿ ಹೇಳುತ್ತೇನೆ.